ಅಂಬಿಗನ ಹಾಡಿನ ನಿಲುಗಡೆ

ಮಹಾಲಿಂಗಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿರುವ ಗಂಗಾಂಬಿಕಾಳಿಗೆ ಈಗ ಎಪ್ಪತ್ತೆರಡು. ಒಂದು ಕಾಲದಲ್ಲಿ ನಾಟಕ ಕಂಪನಿಯಲ್ಲಿ ನಾಯಕಿಯ ಪಾತ್ರ ಮಾಡಿದವಳು. ಮಾಡಿದ ಪಾತ್ರಗಳೆಲ್ಲ ಜನರಿಗೆ ಮರೆತುಹೋಗಿವೆ, ಹಾಡಿದ ಒಂದು ಹಾಡು ಮಾತ್ರ ಉಳಿದಿದೆ. ನಲವತ್ತು ವರ್ಷದ ಹಿಂದೆ ಅದು ಕ್ಯಾಸೆಟ್ಟಿನಲ್ಲಿ ಬಂತು. ಅಂದಿನಿಂದ ಮುಧೋಳ, ಜಮಖಂಡಿ, ಬೀಳಗಿ ಕಡೆ ಆ ಹಾಡು ಕೇಳದ ಮದುವೆಯಿಲ್ಲ, ಅದನ್ನು ಹಚ್ಚದ ಕಬ್ಬಿನ ಟ್ರ್ಯಾಕ್ಟರ್ ಇಲ್ಲ.

ಹಾಡು ಒಬ್ಬ ಹೆಣ್ಣುಮಗಳದು. ಹೊಳೆ ತುಂಬಿದೆ, ಆಚೆ ದಂಡೆಯಲ್ಲಿ ತವರು, ನಾವೆ ನಡೆಸುವವನು ಕಾಣುತ್ತಿಲ್ಲ. ‘ತುಂಬಿ ಹರದಾಳ ಹೊಳಿಯವ್ವ, ಅಂಬಿಗಾ’ ಎಂದು ಸ್ವರ ಮೇಲೇರಿ ಹೋಗುತ್ತದೆ. ಹೋದದ್ದು ಅಲ್ಲೇ ಗಪ್ಪನೆ ನಿಲ್ಲುತ್ತದೆ. ನಾಲ್ಕು ಮಾತ್ರೆ ಬರೀ ತಬಲಾ. ಆಮೇಲೆ ನಡುಗುವ ಮೆಲುದನಿಯಲ್ಲಿ ‘ಎಲ್ಲಿ ನಿಂತಿಯೋ ನೀ’ ಎಂದು ಬರುತ್ತದೆ. ಆ ನಾಲ್ಕು ಮಾತ್ರೆಯ ನಿಲುಗಡೆಗೇ ಜನ ಜೀವ ಬಿಡುತ್ತಿದ್ದರು. ಅಲ್ಲಿ ಅವಳು ಆಚೆ ದಂಡೆ ನೋಡುತ್ತಾಳೆ ಎಂದು ಕೆಲವರು, ಅಲ್ಲಿ ಅವಳಿಗೆ ಸತ್ತ ತಾಯಿ ನೆನಪಾಗುತ್ತಾಳೆ ಎಂದು ಇನ್ನು ಕೆಲವರು.

ನಿಜ ಏನೆಂಬುದು ಬಲ್ಲವರಲ್ಲಿ ಈಗ ಇಬ್ಬರು ಮಾತ್ರ ಉಳಿದಿದ್ದರು. ಒಬ್ಬಳು ಗಂಗಾಂಬಿಕಾ, ಇನ್ನೊಬ್ಬ ಅವಳ ಗಂಡ ನೀಲಕಂಠಪ್ಪ. ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವನು ಅವನೇ. ಊರಲ್ಲಿ ಅವನನ್ನು ಇಂದಿಗೂ ಪೇಟಿ ನೀಲಕಂಠಪ್ಪ ಎನ್ನುತ್ತಾರೆ.

ಹಾಡಿಗೆ ಧಾಟಿ ಹಾಕಿದವರು ಕಂಪನಿಯ ಹಾಲೇಶ ಮಾಸ್ತರರು. ಆ ಇಡೀ ಸಾಲನ್ನು ಅವರು ಒಂದೇ ಉಸಿರಿಗೆ ಕೂಡಿಸಿದ್ದರು. ಹೊಳೆಯ ನೀರು ಎಲ್ಲೂ ತುಂಡಾಗುವುದಿಲ್ಲ, ಸಾಲೂ ತುಂಡಾಗಬಾರದು ಎಂದು ಎರಡು ತಿಂಗಳು ಗಂಗಾಂಬಿಕಾಳ ಜೀವ ತಿಂದಿದ್ದರು. ರಂಗದ ಮೇಲೆ ಅವಳು ಹಾಗೆಯೇ ಹಾಡುತ್ತಿದ್ದಳು. ಹುಬ್ಬಳ್ಳಿಗೆ ಕ್ಯಾಸೆಟ್ಟಿಗೆಂದು ಹೋದ ದಿನ ಮಾತ್ರ, ಗಂಟಲು ಹಸಿಯಾಗಿರಲಿ ಎಂದು ದವಡೆಯಲ್ಲಿ ಒಂದು ಹರಳು ಕಲ್ಲುಸಕ್ಕರೆ ಇಟ್ಟುಕೊಂಡಳು. ‘ಅಂಬಿಗಾ’ ಎಂದು ಮೇಲಕ್ಕೆ ಏರಿದಾಗ ಹರಳು ಜಾರಿ ಗಂಟಲಿಗೆ ಬಿತ್ತು. ಉಸಿರು ಕಟ್ಟಿತು, ಕಣ್ಣಲ್ಲಿ ನೀರು ಬಂತು. ಕಣ್ಣುಮುಚ್ಚಿ ನುಡಿಸುತ್ತಿದ್ದ ತಬಲಾದವನು ಏನೂ ತಿಳಿಯದೆ ಮುಂದುವರಿದ. ಹೇಗೋ ನುಂಗಿ, ನಡುಗುವ ದನಿಯಲ್ಲೇ ಅವಳು ಸಾಲು ಮುಗಿಸಿದಳು. ಹೊರಗೆ ಮತ್ತೊಂದು ತಂಡ ಕಾಯುತ್ತಿತ್ತು, ಮಾಸ್ತರರ ಮಾತು ನಡೆಯಲಿಲ್ಲ. ಸ್ಟುಡಿಯೋದವನು, “ಅಕ್ಕಾರ, ಅಳೂನೂ ಬಂತಲ್ರಿ, ಭಾಳ ಛಲೋ ಆತು” ಎಂದು ಅದನ್ನೇ ಇಟ್ಟುಕೊಂಡ.

ಮುಂದೆ ಬೀಳಗಿಯ ಆಟದಲ್ಲಿ ಅವಳು ಎಂದಿನಂತೆ ಒಂದೇ ಉಸಿರಿಗೆ ಹಾಡಿದಳು. ಮುಂದಿನ ಸಾಲಿನಿಂದ ಯಾರೋ ಎದ್ದು, “ಅಕ್ಕಾರ, ನಿಂದ್ರಿ! ಅಲ್ಲಿ ನಿಂದರಬೇಕು!” ಎಂದು ಕೂಗಿದ. ಚಪ್ಪಾಳೆ ಬೀಳಲಿಲ್ಲ. ಮರುದಿನದಿಂದ ಅವಳು ನಿಲ್ಲತೊಡಗಿದಳು. ನಲವತ್ತು ವರ್ಷ ನಿಂತಳು. ಮಾಸ್ತರರು ತೀರಿಕೊಂಡರು, ತಬಲಾದವನೂ ಹೋದ. ನೀಲಕಂಠಪ್ಪ ಮಾತ್ರ, ಮನೆಯಲ್ಲಿ ಮಾತಿಗೆ ಮಾತು ಬೆಳೆದಾಗಲೆಲ್ಲ ಇದನ್ನೇ ತೆಗೆಯುತ್ತಿದ್ದ.

“ಅಂಬಿಗ ಎಲ್ಲಿ ನಿಂತಾನ ಅಂತ ಊರಿಗೆಲ್ಲಾ ಕೇಳ್ತಿ. ಅಂವಾ ಎಲ್ಲಿ ನಿಂತಾನ? ನಿಂತಾಕಿ ನೀನ!”

ಹೋದ ದೀಪಾವಳಿ ಮುಗಿದ ವಾರ. ಗಂಗಾಂಬಿಕಾ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಪಕ್ಕದ ಮನೆಯ ಮಂಗಲಾ ಫೋನು ಹಿಡಿದು ಓಡಿ ಬಂದಳು.

“ಅತ್ತಿ, ಇದನ ಕೇಳ್ರಿ. ರಬಕವಿ ಹುಡುಗಿ, ರಂಜನಾ ಅಂತ. ನಿಮ್ಮ ಹಾಡ ಹಾಡ್ಯಾಳ. ಎಂಟ ಲಕ್ಷ ಮಂದಿ ನೋಡ್ಯಾರ. ಅರ್ಧ ಮಂದಿ ಹೊಗಳ್ಯಾರ, ಅರ್ಧ ಮಂದಿ ಬೈದಾರ.”

“ಯಾಕ ಬೈದಾರ?”

“ನಿಲ್ಲೂ ಕಡೆ ನಿಂತಿಲ್ರಿ ಆಕಿ!”

ಗಂಗಾಂಬಿಕಾಳ ಕೈ ಮೊರದಲ್ಲೇ ಉಳಿಯಿತು. ಫೋನಿನಲ್ಲಿ ಇಪ್ಪತ್ತೈದರ ಸುಮಾರಿನ ಹುಡುಗಿ ಮನೆಯ ಮಾಳಿಗೆ ಮೇಲೆ ಕೂತಿದ್ದಾಳೆ. ಹಿಂದೆ ಒಣಹಾಕಿದ ಬಣ್ಣದ ನೂಲಿನ ಲಡಿಗಳು. ಹಾರ್ಮೋನಿಯಂ ಇಲ್ಲ, ತಬಲಾ ಇಲ್ಲ, ಪಕ್ಕದಲ್ಲಿ ಒಬ್ಬ ಗೆಳತಿ ಖಾಲಿ ಕೊಡವನ್ನು ಬೆರಳಿಂದ ಬಾರಿಸುತ್ತಿದ್ದಾಳೆ. ಹುಡುಗಿ ‘ತುಂಬಿ ಹರದಾಳ’ ಎಂದು ಎತ್ತಿಕೊಂಡಳು. ‘ಅಂಬಿಗಾ’ ಎಂದು ಮೇಲೇರಿದಳು. ಏರಿದ್ದು ಅಲ್ಲಿ ನಿಲ್ಲದೆ, ಬಾಗಿ, ಒಂದು ಎಳೆಯೂ ಕಡಿಯದಂತೆ ‘ಎಲ್ಲಿ ನಿಂತಿಯೋ ನೀ’ಗೆ ಇಳಿದು ಬಂತು.

“ಇನ್ನೊಮ್ಮೆ ಹಚ್ಚ” ಎಂದಳು ಗಂಗಾಂಬಿಕಾ.

ಐದು ಸಲ ಹಚ್ಚಿಸಿದಳು.

“ಸಿಟ್ಟ ಬಂತೇನ್ರಿ ಅತ್ತಿ?”

“‘ಹೊಳಿಯವ್ವ’ ಅನ್ನೂವಾಗ ಳಿ ಸಾಲ್ದು. ನಾಲಿಗಿ ಇನ್ನೂ ಮ್ಯಾಲ ಮಡಚಬೇಕು” ಎಂದು ಮುಖ ಗಂಟು ಹಾಕಿ ಗಂಗಾಂಬಿಕಾ ಮತ್ತೆ ಜೋಳಕ್ಕೆ ಕೈ ಹಾಕಿದಳು. ಆದರೆ ಆಮೇಲೆ ಅರ್ಧ ಗಂಟೆ ಅವಳು ಆರಿಸಿದ್ದು ಹರಳಿಗಿಂತ ಜೋಳವನ್ನೇ ಹೆಚ್ಚು. ಮೊರದಿಂದ ಹೊರಬಿದ್ದ ಒಳ್ಳೆಯ ಕಾಳನ್ನು ಕೋಳಿಗಳು ತಿಂದವು.

ಮರುದಿನದಿಂದ ಅವಳಿಗೆ ಮಂಗಲಾಳ ಫೋನು ಹಲವು ಕೆಲಸಕ್ಕೆ ಬೇಕಾಗತೊಡಗಿತು. ಬೆಳಗ್ಗೆ ಮಳೆ ಬರುತ್ತದೋ ಇಲ್ಲವೋ ನೋಡಬೇಕು. ಮಧ್ಯಾಹ್ನ ಬೀಗಿತ್ತಿಯ ನಂಬರು ನೋಡಬೇಕು. ಮೂರನೆಯ ದಿನ ನೀಲಕಂಠಪ್ಪ ಅಡುಗೆಮನೆಗೆ ನೀರು ಕುಡಿಯಲು ಹೋದರೆ, ಹೆಂಡತಿ ಒಲೆಯ ಮುಂದೆ ಕೂತು ಸೆರಗಿನೊಳಗೆ ಫೋನು ಮುಚ್ಚಿಕೊಂಡು ಕಿವಿಗೆ ಹಿಡಿದಿದ್ದಳು. ಹೆಂಚಿನ ಮೇಲೆ ರೊಟ್ಟಿ ಕರ್ರಗಾಗಿತ್ತು.

“ಮಳಿ ಬರ್ತೈತೇನ?” ಎಂದು ಕೇಳಿದ ಅವನು.

“ಹಂ?”

“ಅಲ್ಲ, ಫೋನಿನ್ಯಾಗ ಮಳಿ ನೋಡಾಕತ್ತಿ ಅಂತ ಮಂಗಲಾ ಅಂದ್ಲು. ಕಿವಿಲೆ ನೋಡ್ತಿಯೇನ ಮಳಿ?”

“ತಪ್ಪ ಹುಡುಕಾಕತ್ತೇನಿ. ಹಾಡ ಕೆಡಿಸ್ಯಾಳಂತಲ್ಲ, ಎಲ್ಲಿ ಕೆಡಿಸ್ಯಾಳ ನೋಡಬೇಕಲ್ಲ?”

“ಸಿಕ್ಕಿತೇನ?”

“ಹುಡುಕಾಕತ್ತೇನಿ ಅಂದ್ನೆಲ್ಲ!”

“ಹುಡುಕು, ಹುಡುಕು. ರೊಟ್ಟಿ ಸುಟ್ಟಷ್ಟೂ ನಾ ತಿಂತೇನಿ.”

ಅವಳು ಸೌಟು ಎತ್ತಿದಳು, ಅವನು ನಗುತ್ತ ಹೊರಗೆ ಬಂದ. ಆದರೆ ಅಂದು ಸಂಜೆ ಅವಳೇ ಬಂದು ಅವನ ಪಕ್ಕ ಕೂತು, ದನಿ ತಗ್ಗಿಸಿ ಹೇಳಿದಳು: “ಮಾಸ್ತರ ಹೇಳಿಕೊಟ್ಟಾಗ ಹೆಂಗಿತ್ತೋ ಹಂಗ ಹಾಡ್ಯಾಳ್ರಿ. ಅದ ಉಸರು. ಯಾರ ಹೇಳಿಕೊಟ್ರು ಆಕಿಗೆ?”

ನೀಲಕಂಠಪ್ಪ ಫೋನು ಇಸಿದುಕೊಂಡು ತಾನೂ ಒಮ್ಮೆ ಕೇಳಿದ.

ಆ ವಾರವೇ ಜಮಖಂಡಿಯಿಂದ ಅಣ್ಣಾಸಾಹೇಬ ಕಾರಿನಲ್ಲಿ ಬಂದಿಳಿದ. ಹೊಳೆಸಾಲಿನಲ್ಲಿ ಇಪ್ಪತ್ತು ಎಕರೆ ಕಬ್ಬಿನ ಧಣಿ, ಅರವತ್ತು ದಾಟಿದವನು, ಗಂಗಾಂಬಿಕಾಳ ಹಾಡಿಗೆ ಅವನಷ್ಟು ದೊಡ್ಡ ಭಕ್ತ ಇನ್ನೊಬ್ಬನಿಲ್ಲ. ಆ ನಿಲುಗಡೆಯ ಬಗ್ಗೆ ಹದಿನೆಂಟು ಪುಟದ ಉಪನ್ಯಾಸ ಬರೆದು, ಸುತ್ತಲಿನ ಕಾಲೇಜುಗಳಲ್ಲೆಲ್ಲ ಓದಿದ್ದ.

“ಅಕ್ಕಾರ, ನನಗ ಮೂರ ದಿವಸಾತು ನಿದ್ದಿಲ್ಲ” ಎಂದು ಅವನು ಕುರ್ಚಿಯ ತುದಿಯಲ್ಲಿ ಕೂತ. “ಚಿಕ್ಕಪಡಸಲಗ್ಯಾಗ ನಾವು ರೈತರೆಲ್ಲಾ ಕೂಡಿ ಹೊಳಿಗೆ ಅಡ್ಡ ಬ್ಯಾರೇಜ ಕಟ್ಟಿದಿವಲ್ರಿ, ಮೊದಲನೇ ಸರ್ತಿ ನೀರು ನಿಂತದ್ದ ನೋಡಿದಾಗ ನನಗ ನಿಮ್ಮ ಹಾಡು ತಿಳೀತು. ಹರಿಯೂದು ಎಲ್ಲಾರಿಗೂ ಬರ್ತೈತಿ, ನಿಲ್ಲಾಕ ತಾಕತ್ತ ಬೇಕು. ಆ ಹುಡುಗಿ ನಿಮ್ಮ ಬ್ಯಾರೇಜ ಒಡದ ಹಾಕ್ಯಾಳ್ರಿ!”

ಒಳಗಿನಿಂದ ನೀಲಕಂಠಪ್ಪ ಕೆಮ್ಮಿದ. ಅದು ಕೆಮ್ಮಲ್ಲ, ನಗು ಎಂದು ಗಂಗಾಂಬಿಕಾಳಿಗೆ ತಿಳಿಯಿತು.

ಅಣ್ಣಾಸಾಹೇಬ ಬಂದ ಉದ್ದೇಶ ಹೇಳಿದ. ಬರುವ ರವಿವಾರ ಬೆಳಗ್ಗೆ ಹನ್ನೊಂದಕ್ಕೆ ಜಮಖಂಡಿಯಲ್ಲಿ ಒಂದು ಸಣ್ಣ ಕಾರ್ಯಕ್ರಮ. ರಂಜನಾಳನ್ನೂ ಕರೆಸಿದ್ದಾನೆ. ಅವಳು ಗಂಗಾಂಬಿಕಾಳ ಎದುರು ಹಾಡಬೇಕು, ಗಂಗಾಂಬಿಕಾ ಎಲ್ಲರ ಮುಂದೆ ತಿದ್ದಬೇಕು.

“ಸಿಟ್ಟೀಲೆ ಅಲ್ರಿ, ಪ್ರೀತೀಲೆ. ಮಗಳಿಗೆ ಹೇಳಿದಂಗ. ಇಲ್ಲೆ ನಿಂದ್ರವಾ ತಂಗಿ ಅಂತ ಒಂದ ಮಾತು.”

ಗಂಗಾಂಬಿಕಾ ಒಪ್ಪಿಕೊಂಡಳು. ಹುಡುಗಿಯನ್ನು ಕಣ್ಣಾರೆ ನೋಡಬೇಕೆಂಬ ಆಸೆ ಅವಳಿಗೂ ಇತ್ತು. ಕಾರು ಓಣಿ ದಾಟಿದ ಮೇಲೆ ನೀಲಕಂಠಪ್ಪ ಕೇಳಿದ:

“ಖರೇದ್ದ ಹೇಳ್ತೀಯೇನ?”

“ಹೆಂಗ ಹೇಳ್ಲಿ? ಪಾಪ, ಹದಿನೆಂಟ ಪಾನ ಬರದಾನ ಆ ಮನಷ್ಯಾ.”

“ಹಂಗಾದ್ರ ಆ ಹುಡುಗಿಗೆ ತಪ್ಪ ಅಂತಿ?”

ಅವಳು ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದಳು.

ರವಿವಾರ ಅಣ್ಣಾಸಾಹೇಬನ ಕಾರೇ ಬಂತು. ನೀಲಕಂಠಪ್ಪ ಪೇಟಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತ. ಸಭಾಭವನದ ಪಕ್ಕದ ಕೋಣೆಯಲ್ಲಿ ರಂಜನಾ ಕಾಯುತ್ತಿದ್ದಳು. ಮನೆಯಲ್ಲೇ ನೇಯ್ದ ಹಸಿರು ಸೀರೆ ಉಟ್ಟಿದ್ದಳು. ಫೋನಿನಲ್ಲಿ ಕಂಡಷ್ಟು ಧೈರ್ಯ ಈಗ ಅವಳ ಮುಖದಲ್ಲಿ ಇರಲಿಲ್ಲ. ಗಂಗಾಂಬಿಕಾಳನ್ನು ಕಂಡೊಡನೆ ಬಗ್ಗಿ ಕಾಲಿಗೆ ಬಿದ್ದಳು.

“ತಪ್ಪಾತ್ರಿ ಅಜ್ಜಿ. ಅಲ್ಲಿ ನಿಲ್ಲೂದೈತಿ ಅಂತ ನನಗ ಗೊತ್ತ ಇರಲಿಲ್ರಿ.”

“ಗೊತ್ತಿರಲಿಲ್ಲ? ಕ್ಯಾಸೆಟ್ ಕೇಳಿಲ್ಲೇನ ನೀ?”

“ಹುಟ್ಟಿದಾಗಿಂದ ಕೇಳೇನ್ರಿ. ನಮ್ಮಪ್ಪ ಮಗ್ಗದ ಶೆಡ್ಡಿನ್ಯಾಗ ದಿನಾ ಹಚ್ಚತಿದ್ದ. ಆದ್ರ ಎಂಟ ಪಾವರ್‌ಲೂಮ್ ಅದಾವ್ರಿ ನಮ್ಮಲ್ಲಿ. ಖಟಾಖಟ್, ಖಟಾಖಟ್. ಆ ಸಪ್ಪಳದಾಗ ನಿಮ್ಮ ದನಿ ಮ್ಯಾಲ ಏರಿದ್ದ ಕೇಳತಿತ್ತು, ಆಮ್ಯಾಲ ಇಳದದ್ದ ಕೇಳತಿತ್ತು. ನಡಬರಕ ಏನೂ ಇಲ್ಲ ಅಂತ ಹೆಂಗ ತಿಳೀಬೇಕ್ರಿ? ಮಗ್ಗೇನ ನಿಲ್ತಾವೇನ್ರಿ? ಹಾಡು ಒಳಗ ಹಂಗ ನಡದೈತಿ ಅಂತ ತಿಳಕೊಂಡಿದ್ದೆ. ಕಂಡಿಕಿಗೆ ನೂಲ ಸುತ್ತಕೋತ ನಾ ಹಂಗ ಕೂಡಿಸಿಕೊಂಡ ಬಿಟ್ಟೆ.”

ಗಂಗಾಂಬಿಕಾ ಗಂಡನ ಮುಖ ನೋಡಿದಳು. ಅವನು ಪೇಟಿಯ ಬಟ್ಟೆ ಬಿಚ್ಚುವ ನೆಪದಲ್ಲಿ ಮುಖ ತಿರುಗಿಸಿಕೊಂಡಿದ್ದ, ಭುಜ ಮಾತ್ರ ಕುಲುಕುತ್ತಿತ್ತು.

“ಈಗ ನಾಕ ದಿನಾತ್ರಿ, ನಿಲ್ಲೂದ ಪ್ರಾಕ್ಟೀಸ್ ಮಾಡಾಕತ್ತೇನಿ” ಎಂದಳು ರಂಜನಾ. “ಮನಸಿನ್ಯಾಗ ಒಂದು, ಎರಡು, ಮೂರು, ನಾಕು ಅಂತ ಎಣಿಸಿ ಮುಂದ ಹೋಗ್ತೇನಿ. ನೀವ ಏನೂ ಕಾಳಜಿ ಮಾಡಬ್ಯಾಡ್ರಿ.”

“ಏ ಹುಚ್ಚಿ, ನಾ ಹೇಳೂದ ಕೇಳ...” ಎಂದು ಗಂಗಾಂಬಿಕಾ ಶುರು ಮಾಡುವುದರೊಳಗೆ ಅಣ್ಣಾಸಾಹೇಬ ಬಾಗಿಲಲ್ಲಿ ಬಂದು ಕೈಮುಗಿದು, “ಬರ್ರಿ ಅಕ್ಕಾರ, ಮಂದಿ ತುಂಬೇತಿ” ಎಂದ.

ಮಂದಿ ನಿಜವಾಗಿ ತುಂಬಿತ್ತು. ರಬಕವಿ-ಬನಹಟ್ಟಿಯ ನೇಕಾರರ ಮನೆಯ ಹೆಂಗಸರು ಒಂದು ಟೆಂಪೋ ಮಾಡಿಕೊಂಡು ರಂಜನಾಳಿಗಾಗಿ ಬಂದಿದ್ದರು. ಗಂಡಸರ ಕಡೆ ಹಳೆಯ ನಾಟಕದ ಹುಚ್ಚಿನವರು ಗಂಗಾಂಬಿಕಾಳಿಗಾಗಿ ಬಂದಿದ್ದರು. ಅಣ್ಣಾಸಾಹೇಬ ಹದಿನೆಂಟು ಪುಟದಲ್ಲಿ ಆರು ಪುಟ ಓದಿ, ಉಳಿದದ್ದನ್ನು ದೊಡ್ಡ ಮನಸ್ಸು ಮಾಡಿ ಬಿಟ್ಟ. ನಂತರ ರಂಜನಾ ಎದ್ದು ಮೈಕಿನ ಮುಂದೆ ನಿಂತಳು. ನೀಲಕಂಠಪ್ಪ ಶ್ರುತಿ ಹಿಡಿದ.

ಹುಡುಗಿ ಚೆನ್ನಾಗಿಯೇ ಎತ್ತಿಕೊಂಡಳು. ‘ಅಂಬಿಗಾ’ ಎಂದು ಏರಿದಳು. ನಿಂತಳು. ಸದ್ದಿಲ್ಲದ ಆ ಹೊತ್ತಿನಲ್ಲಿ ಅವಳ ತುಟಿ ಅಲುಗುವುದು ಗಂಗಾಂಬಿಕಾಳಿಗೆ ಕಂಡಿತು: ಒಂದು, ಎರಡು, ಮೂರು, ನಾಲ್ಕು. ಸಂತೆಯಲ್ಲಿ ತೆಂಗಿನಕಾಯಿ ಎಣಿಸಿದಂತೆ. ಗಂಡಸರ ಕಡೆಯಿಂದ “ವಾಹ್!” ಎಂದು ಬಂತು. ಅಣ್ಣಾಸಾಹೇಬ ಕಣ್ಣೊರೆಸಿಕೊಂಡ. ‘ಎಲ್ಲಿ ನಿಂತಿಯೋ’ ಎಂದು ಹುಡುಗಿ ಮುಂದೆ ಹೋದಳು, ದನಿ ಮಾತ್ರ ಹೆದರಿಕೊಂಡಿತ್ತು.

ಬೀಳಗಿಯ ಆ ಆಟ ಗಂಗಾಂಬಿಕಾಳ ಕಣ್ಣಮುಂದೆ ಬಂತು. ಅಂದು ತಾನೂ ಹೀಗೆಯೇ ಹೆದರಿ, ಮರುದಿನ ಎಣಿಸಿಕೊಂಡು ನಿಂತಿದ್ದಳಲ್ಲವೆ? ಅವಳಿಗೆ ಕೂತಿರಲು ಆಗಲಿಲ್ಲ. ಕುರ್ಚಿಯ ತೋಳು ಹಿಡಿದು ಎದ್ದೇಬಿಟ್ಟಳು.

“ಏ ತಂಗಿ! ನಿಲ್ಲಬ್ಯಾಡ!”

ಹುಡುಗಿ ಹಾಡು ನಿಲ್ಲಿಸಿದಳು.

“ಹಾಡ ನಿಲ್ಲಿಸು ಅಂದಿದ್ದಲ್ಲ” ಎಂದು ಗಂಗಾಂಬಿಕಾ ಮೈಕಿನ ಹತ್ತಿರ ಬಂದಳು. “ಆ ಅಂಬಿಗನ ಮುಂದ ನಿಲ್ಲಬ್ಯಾಡ ಅಂದೆ. ಅಲ್ಲಿ ನಿಲ್ಲಾಕ ಏನೂ ಇಲ್ಲವಾ.” ಆಮೇಲೆ ಸಭೆಯ ಕಡೆ ತಿರುಗಿದಳು. “ಎಲ್ಲಾರೂ ಕೇಳ್ರಿ. ಅವತ್ತ ನನಗ ತವರೂ ನೆನಪಾಗಿರಲಿಲ್ಲ, ಹೊಳೀನೂ ಕಂಡಿರಲಿಲ್ಲ. ಬಾಯಾಗ ಕಲ್ಲಸಕ್ರಿ ಇಟಗೊಂಡಿದ್ದೆ. ಅದು ಗಂಟಲದಾಗ ಬಿತ್ತು. ನಾಕ ಮಾತ್ರಿ ಅಲ್ಲೇನ ಇತ್ತು ಅಂತ ಕೇಳಿದ್ರ, ನಾ ಸಾಯಾಕ ಹತ್ತಿದ್ದೆ!”

ಮೊದಲು ಬನಹಟ್ಟಿಯ ಒಬ್ಬ ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡು ಕುಸುಕುಸು ನಕ್ಕಳು. ಅವಳಿಂದ ಪಕ್ಕದವಳಿಗೆ, ಅಲ್ಲಿಂದ ಇಡೀ ಹೆಂಗಸರ ಸಾಲಿಗೆ ನಗು ಹಬ್ಬಿತು. ಗಂಡಸರು ಅಣ್ಣಾಸಾಹೇಬನ ಮುಖ ನೋಡಿದರು. ಅವನು ತನ್ನ ಹಾಳೆಗಳನ್ನು ಎದೆಗೆ ಹಿಡಿದು ಕಲ್ಲಿನಂತೆ ಕೂತಿದ್ದ.

“ಚೇಷ್ಟಿ ಮಾಡಾಕತ್ತೀರಿ ಅಕ್ಕಾರ” ಎಂದ ಸಣ್ಣ ದನಿಯಲ್ಲಿ.

“ಚೇಷ್ಟಿ ಅಲ್ರಿ ಧಣ್ಯಾರ” ಎಂದು ನೀಲಕಂಠಪ್ಪ ಪೇಟಿಯ ಹಿಂದಿನಿಂದ ಬಾಯಿ ಹಾಕಿದ. “ಪೇಟಿಗೆ ನಾನ ಕುಂತಿದ್ದೆ. ಹೆಣ್ತಿ ಕಣ್ಣ ಮ್ಯಾಲ ಮಾಡಿದ್ಲು. ನಾನೂ ಹೆದರಿ ಬೆರಳ ಎತ್ತಿಬಿಟ್ಟೆ. ಅದಕ್ಕ ಅಲ್ಲಿ ಬರೇ ತಬಲಾ ಕೇಳ್ತೈತಿ. ಗಾಜಿನ ಆಚಿಕಡೆ ಹಾಲೇಶ ಮಾಸ್ತರು ಹಣಿ ಹಣಿ ಬಡಕೊಳ್ಳಾಕತ್ತಿದ್ರು.”

ಈಗ ಗಂಡಸರ ಕಡೆಯೂ ನಗು ತಡೆಯಲಾಗಲಿಲ್ಲ. ಗಂಗಾಂಬಿಕಾ ನಗಲಿಲ್ಲ. ರಂಜನಾಳ ಕೈ ಹಿಡಿದುಕೊಂಡಳು.

“ಮಾಸ್ತರು ಈ ಸಾಲ ಒಂದ ಉಸರಿನ್ಯಾಗ ಹಾಕಿದ್ರು. ನಾನೂ ಹಂಗ ಹಾಡತಿದ್ದೆ. ಮಂದಿ ನಿಲ್ಲು ಅಂದ್ರು, ನಿಂತೆ. ಹಂಗ ನಿಂತ ನಿಂತ ನನ್ನ ಉಸರ ಹೋತು. ಮಾಸ್ತರ ಹಾಡನ್ನ ಈಕಿ ಮಾಳಗಿ ಮ್ಯಾಲ ಕುಂತ ಹಾಡ್ಯಾಳ. ಯಾರೂ ಹೇಳಿಕೊಟ್ಟಿಲ್ಲ ಈಕಿಗೆ. ನಾ ಹತ್ತ ದಿನದಿಂದ ತಪ್ಪ ಹುಡುಕಾಕತ್ತೇನಿ. ಒಂದ ಸಿಕ್ಕೈತಿ. ‘ಹೊಳಿ’ ಅನ್ನೂವಾಗ ಳಿ ಸಾಲ್ದು. ಬಾಕಿ ಎಲ್ಲಾ ನನಗಿಂತ ಛಲೋ ಐತಿ.”

ರಂಜನಾ ಅಳಲು ಶುರು ಮಾಡಿದಳು. “ಅಳಬ್ಯಾಡ, ದನಿ ಕಟ್ತೈತಿ” ಎಂದು ಗಂಗಾಂಬಿಕಾ ಗದರಿಸಿದಳು. “ಹಾಡೀಗ. ಶೆಡ್ಡಿನ್ಯಾಗ ಹಾಡಿದಂಗ ಹಾಡು.”

ನೀಲಕಂಠಪ್ಪ ಈ ಸಲ ಬೆರಳು ಎತ್ತಲಿಲ್ಲ. ಹುಡುಗಿ ಕಣ್ಣುಮುಚ್ಚಿ ಎತ್ತಿಕೊಂಡಳು. ಮಗ್ಗದ ಲಯ ಅವಳ ಬೆರಳಿನಲ್ಲಿತ್ತು, ತೊಡೆಯ ಮೇಲೆ ತಾನೇ ಬಡಿದುಕೊಳ್ಳುತ್ತಿದ್ದಳು. ‘ಅಂಬಿಗಾ’ ಏರಿತು, ತುದಿಯಲ್ಲಿ ತುಸು ತೂಗಿತು, ತೂಗಿದ್ದು ಹಾಗೆಯೇ ಇಳಿದು ಬಂತು. ಗಂಗಾಂಬಿಕಾಳ ಎದೆಯೂ ಅದರ ಜೊತೆ ಏರಿ ಇಳಿಯಿತು. ತನಗರಿವಿಲ್ಲದೆ ಅವಳು ಉಸಿರು ಹಿಡಿದಿದ್ದಳು. ಸಾಲು ಮುಗಿದ ಮೇಲೆ, ಕೊನೆಗೂ ಮಾಸ್ತರರ ಮುಂದೆ ಪಾಠ ಒಪ್ಪಿಸಿ ಹೊರಗೆ ಬಂದವಳಂತೆ ನಿಟ್ಟುಸಿರು ಬಿಟ್ಟಳು.

ಊಟದ ಹೊತ್ತಿಗೆ ಅಣ್ಣಾಸಾಹೇಬ ಒಂದು ಮೂಲೆಯಲ್ಲಿ ಒಬ್ಬನೇ ನಿಂತಿದ್ದ. ಕೈಯ ತಟ್ಟೆಯಲ್ಲಿ ಹೂರಣದ ಹೋಳಿಗೆ ಹಾಗೇ ಇತ್ತು. ಗಂಗಾಂಬಿಕಾ ತನ್ನ ತಟ್ಟೆ ಹಿಡಿದುಕೊಂಡು ಅವನ ಹತ್ತಿರ ಹೋದಳು.

“ಸಿಟ್ಟಾಗೀರೇನ್ರಿ?”

“ಸಿಟ್ಟೇನ ಬಿಡ್ರಿ. ಹದಿನೆಂಟ ಪಾನ, ಅಕ್ಕಾರ.”

“ನೀವು ಅಲ್ಲಿ ಹೊಳಿ ಕಂಡಿದ್ದು ಸುಳ್ಳಲ್ರಿ. ನಾ ಇಟ್ಟಿದ್ದಲ್ಲ, ಅಷ್ಟ. ಆ ನಾಕ ಮಾತ್ರಿಯೊಳಗ ಹೊಳಿ ತಂದ ಇಟಗೊಂಡಾವ್ರು ನೀವ. ನನಗಿಂತ ಭಾಳ ದುಡದೀರಿ ಆ ಹಾಡಿಗೆ.”

ಅಣ್ಣಾಸಾಹೇಬ ಅವಳನ್ನೇ ನೋಡಿದ. ಮೆಲ್ಲಗೆ ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡ. ಅಗಿಯುತ್ತ ಅಗಿಯುತ್ತ ಅವನ ಮುಖ ಬೆಳಗತೊಡಗಿತು. ಸಮಾಧಾನವಾಯಿತು ಎಂದುಕೊಂಡು ಗಂಗಾಂಬಿಕಾ ತನ್ನ ಜಾಗಕ್ಕೆ ಬಂದು ಕೂತಳು. ಐದು ನಿಮಿಷ ಆಗಿರಲಿಲ್ಲ, ಆ ಮೂಲೆಯಿಂದ ಅವನ ದೊಡ್ಡ ದನಿ ಕೇಳಿಸಿತು:

“ಆ ತಾಯಿ ಮನಸ ಎಷ್ಟ ದೊಡ್ಡದು ನೋಡ್ರಿ! ಒಂದ ಬಡ ಹುಡುಗಿ ಮರ್ಯಾದಿ ಉಳಿಸಾಕ ಕಲ್ಲಸಕ್ರಿ ಕಥಿ ಕಟ್ಟಿ, ತನ್ನ ಕೀರ್ತೀನ ಬಿಟ್ಟ ಕೊಟ್ಲು!”

“ಅಯ್ಯ ಶಿವನ!” ಎಂದು ಗಂಗಾಂಬಿಕಾ ಹಣೆ ಹಿಡಿದುಕೊಂಡಳು. “ಖರೇದ್ದ ಹೇಳಿದ್ರ ಹಿಂಗ ಆಗ್ತೈತೇನ್ರಿ?”

ಎರಡನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ ನೀಲಕಂಠಪ್ಪನಿಗೆ ಇಷ್ಟು ಸುಖದ ದಿನ ಎಷ್ಟೋ ವರ್ಷದಿಂದ ಬಂದಿರಲಿಲ್ಲ. “ಇನ್ನ ಹತ್ತೊಂಬತ್ತನೇ ಪಾನ ಬರೀತಾನ, ಸುಮ್ನಿರು” ಎಂದ.

ಹಾಗೆಯೇ ಆಯಿತು. ಜಮಖಂಡಿಯಲ್ಲಿ ಇಂದಿಗೂ ಮುಕ್ಕಾಲು ಪಾಲು ಜನ ಅಣ್ಣಾಸಾಹೇಬ ಹೇಳಿದ್ದನ್ನೇ ನಂಬುತ್ತಾರೆ. ಆದರೆ ರಂಜನಾಳ ವೀಡಿಯೋದ ಕೆಳಗೆ ಬೈಯುವವರು ಮಾತ್ರ ನಿಂತರು. ಸ್ವತಃ ಗಂಗಾಂಬಿಕಾ ಎಲ್ಲರ ಮುಂದೆ ಮೆಚ್ಚಿದ ಮೇಲೆ ಬೈಯುವುದು ಯಾರಿಗೂ ಸುಲಭವಿರಲಿಲ್ಲ.

ಈಗ ರವಿವಾರ ಮಗ್ಗಕ್ಕೆ ಬಿಡುವಿದ್ದಾಗ ರಂಜನಾ ಬಸ್ಸು ಹತ್ತಿ ಮಹಾಲಿಂಗಪುರಕ್ಕೆ ಬರುತ್ತಾಳೆ. ಮೊದಲ ದಿನವೇ, “ಮಾಸ್ತರು ಹಾಕಿದ್ದ ಬ್ಯಾರೆ ಹಾಡು ಅದಾವೇನ್ರಿ ಅಜ್ಜಿ, ಕ್ಯಾಸೆಟ್ಟಿನ್ಯಾಗ ಬರಲಾರದ್ದು?” ಎಂದು ಕೇಳಿದಳು. ಒಂದಿತ್ತು. ಸೊಸೆಯೊಬ್ಬಳು ಬೀಸುವ ಕಲ್ಲಿಗೆ ಅತ್ತೆಯ ಮೇಲೆ ಚಾಡಿ ಹೇಳುವ ಹಾಡು. ಗಂಗಾಂಬಿಕಾಳಿಗೆ ಮೊದಲ ನುಡಿ ನೆನಪಿತ್ತು, ನೀಲಕಂಠಪ್ಪನಿಗೆ ಧಾಟಿ ಪೂರ್ತಿ ನೆನಪಿತ್ತು. ಎರಡನೆಯ ನುಡಿಯ ಕೊನೆಯ ಸಾಲು ಮಾತ್ರ ಇಬ್ಬರಿಗೂ ಹೋಗಿತ್ತು. ಮೂರು ರವಿವಾರ ತಲೆ ಕೆರೆದುಕೊಂಡರು. ನಾಲ್ಕನೆಯ ರವಿವಾರ ರಂಜನಾ ಬಸ್ಸಿನಲ್ಲೇ ಒಂದು ಸಾಲು ಕಟ್ಟಿಕೊಂಡು ಬಂದು, ಹೆದರುತ್ತ ಹೆದರುತ್ತ ಹಾಡಿ ತೋರಿಸಿದಳು. ಅತ್ತೆ ಜೋಳ ಅಳೆದು ಕೊಡುತ್ತಾಳೆ, ಬೈಗುಳ ಮಾತ್ರ ಅಳೆಯುವುದಿಲ್ಲ ಎಂದಿತ್ತು ಅದರಲ್ಲಿ.

“ಮಾಸ್ತರು ಇದ್ದಿದ್ರ ನಿನ್ನ ಬೆನ್ನ ಮುರೀತಿದ್ರು” ಎಂದಳು ಗಂಗಾಂಬಿಕಾ. ಆಮೇಲೆ ಗಂಡನ ಕಡೆ ಕೈ ಮಾಡಿ, “ಪೇಟಿ ಹಿಡೀರಿ” ಎಂದು, ಆ ಸಾಲು ಸೇರಿಸಿ ಹಾಡನ್ನು ಮೊದಲಿನಿಂದ ತಾನೇ ಎತ್ತಿಕೊಂಡಳು.